ಕೇಳಿ, ಹೇಳ್ತೀನಿ: ಹಾಲು ಒಡೆದದ್ದು ಯಾರಿಂದ?

ಡೈರಿಯೊಂದರ ಲ್ಯಾಬಿನಲ್ಲಿ ನೌಕರಿ ಮುಗಿಸಿ, ಆಮೇಲೆ ಸಣ್ಣಪುಟ್ಟ ತಿಂಡಿ ಕಾರ್ಖಾನೆಗಳಿಗೆ ಗುಣಮಟ್ಟದ ವಿಚಾರದಲ್ಲಿ ಸಲಹೆ ಕೊಡುತ್ತ ಓಡಾಡಿಕೊಂಡಿರುವವಳು ನಾನು. ಸಂಪಾದಕರು ಕಳಿಸಿದ ಓದುಗರ ಕಾಗದಗಳ ಕಟ್ಟಿನಲ್ಲಿ ಈ ಸಲ ಹಾಲಿನದ್ದೇ ಕಾರುಬಾರು, ಜೊತೆಗೆ ಬೇರೆ ತಿಂಡಿಗಳದ್ದೂ ಇದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ, ಉದ್ದದವನ್ನು ಕತ್ತರಿಸಿದ್ದೇನೆ. ಅಂಗಡಿ, ಕಂಪನಿಗಳ ಹೆಸರು ಬರೆದು ಬೈದವರ ಬೈಗುಳವನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಬೂತಿನಿಂದ ತಂದ ಹಾಲು ಕಾಯಿಸುವಾಗಲೇ ಒಡೆದುಹೋಯಿತು. ಪಾಕೆಟ್ ಮೇಲೆ ನಾಳೆಯ ತಾರೀಖಿದೆ. ಬೂತಿನವರು ‘ಡೈರಿಯಿಂದಲೇ ಹಾಗೆ ಬಂದಿದೆ’ ಅನ್ನುತ್ತಾರೆ. ಡೈರಿಗೆ ಫೋನ್ ಮಾಡಿದರೆ ‘ಎಲ್ಲಾ ಟೆಸ್ಟ್ ಮಾಡಿಯೇ ಕಳಿಸೋದು’ ಅನ್ನುತ್ತಾರೆ. ಯಾರನ್ನು ನಂಬಲಿ?
— ಗೃಹಿಣಿ, ತುಮಕೂರು

ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ತಾಯಿ. ತೊಂದರೆ ಇರುವುದೇ ಅಲ್ಲಿ. ಹಾಲು ನಿಮ್ಮ ಒಲೆಗೆ ಬರುವಷ್ಟರಲ್ಲಿ ಏಳೆಂಟು ಕೈ ದಾಟಿರುತ್ತದೆ. ಮೊದಲ ಐದಾರು ಕೈಗಳ ಕೆಲಸ ಪುಸ್ತಕದಲ್ಲಿ ಬರೆದಿರುತ್ತದೆ, ಕೊನೆಯ ಎರಡರದ್ದು ಎಲ್ಲೂ ಬರೆದಿರುವುದಿಲ್ಲ.

ಊರಿನ ಡೈರಿಯಿಂದ ಶುರುಮಾಡೋಣ. ಹಸುವಿನ ಕೆಚ್ಚಲಿನಿಂದ ಬಂದ ಹಾಲು ಹಸುವಿನ ಮೈಯಷ್ಟೇ ಬಿಸಿ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಹಿತವಾದ ಬಿಸಿ ಇನ್ನೊಂದಿಲ್ಲ. ಹಾಲಿನ ಸಂಘದ ಸೆಕ್ರೆಟರಿ ಫ್ಯಾಟು (ಕೊಬ್ಬು), ಡಿಗ್ರಿ (ಲ್ಯಾಕ್ಟೋಮೀಟರಿನ ಅಂಕಿ) ನೋಡಿ ಅಳೆದುಕೊಂಡ ಮೇಲೆ ಅದು ಬಿಎಂಸಿಗೆ, ಅಂದರೆ ದೊಡ್ಡ ಕೂಲರ್ ತೊಟ್ಟಿಗೆ ಹೋಗಬೇಕು, ಬೇಗ 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಬೇಕು. ಕರೆಂಟು ಹೋಗಿ ಜನರೇಟರಿನಲ್ಲಿ ಡೀಸೆಲ್ ಇಲ್ಲದಿದ್ದರೆ ಕೆಡುಕು ಅಲ್ಲೇ ಶುರುವಾಗುತ್ತದೆ.

ಟ್ಯಾಂಕರು ದೊಡ್ಡ ಡೈರಿಯ ಡಾಕಿಗೆ, ಅಂದರೆ ಹಾಲು ಇಳಿಸುವ ಜಾಗಕ್ಕೆ ಬಂದಾಗ ಮೊದಲ ಟೆಸ್ಟು ಮೂಗಿನದು. ಮುಚ್ಚಳ ತೆಗೆದ ತಕ್ಷಣ ಮೂಗು ಟ್ಯಾಂಕರಿನ ಬಾಯಿಯ ಹತ್ತಿರ ಹೋಗಬೇಕು. ತಡ ಮಾಡಿದರೆ ವಾಸನೆ ಹಾರಿಹೋಗುತ್ತದೆ. ನಮ್ಮಲ್ಲಿ ಒಬ್ಬ ಹಿರಿಯ ಸಹಾಯಕರಿದ್ದರು. ಯಂತ್ರ ಇನ್ನೂ ಬಿಸಿಯಾಗುವ ಮೊದಲೇ ‘ಇದು ಹುಳಿ ಕಡೆಗೆ ಹೊರಟಿದೆ ಮೇಡಂ’ ಅನ್ನುತ್ತಿದ್ದರು. ಆಮೇಲೆ ಪ್ಲಂಜರ್ ಎಂಬ ಕಲಕುವ ಕೋಲು ಹಾಕಿ ತಳದಿಂದ ಕಲಕಿ ಸ್ಯಾಂಪಲ್ ತೆಗೆಯುವುದು. ಸಣ್ಣ ಗಾಜಿನ ನಳಿಕೆಯಲ್ಲಿ ಹಾಲಿನಷ್ಟೇ ಆಲ್ಕೋಹಾಲ್ ಬೆರೆಸಿ ಅಲ್ಲಾಡಿಸಿದಾಗ ನಳಿಕೆಯ ಒಳಮೈಗೆ ರವೆಯಂಥ ಕಾಳು ಅಂಟಿದರೆ ಆ ಹಾಲು ಬಿಸಿ ತಡೆಯುವುದಿಲ್ಲ. ಇಂಥ ಹಾಲಿನ ಹುಳಿಯನ್ನು ಮರೆಮಾಚಲು ಸೋಡಾ ಹಾಕುವವರೂ ಇರುತ್ತಾರೆ. ಅದಕ್ಕೆ ರೋಸಾಲಿಕ್ ಆಸಿಡ್ ಟೆಸ್ಟ್ ಇದೆ. ಸೋಡಾ ಇದ್ದರೆ ಗುಲಾಬಿ ಕೆಂಪು ಬಣ್ಣ ಬಂದುಬಿಡುತ್ತದೆ. ಇನ್ನು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ 37 ಡಿಗ್ರಿಯಲ್ಲಿಟ್ಟು ನೀಲಿ ಎಷ್ಟು ಹೊತ್ತಿಗೆ ಮಾಯವಾಗುತ್ತದೆ ಎಂದು ನೋಡುವ ಟೆಸ್ಟು. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಹೋಗುತ್ತದೆ. ಐದು ಗಂಟೆ ದಾಟಿದರೂ ನೀಲಿ ಉಳಿದರೆ ಬಹಳ ಒಳ್ಳೆಯ ಹಾಲು, ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕಳಪೆ.

ಪಾಶ್ಚರೀಕರಣದಲ್ಲಿ ಹಾಲು 72 ಡಿಗ್ರಿಯಲ್ಲಿ 15 ಸೆಕೆಂಡ್ ಇರಬೇಕು. ಶಾಖ ಕಡಿಮೆಯಾದರೆ ಆಪರೇಟರ್ ನಿದ್ದೆಗಣ್ಣಿನಲ್ಲಿದ್ದರೂ ಒಂದು ವಾಲ್ವ್ ತಾನಾಗಿ ತಿರುಗಿ ಹಾಲನ್ನು ವಾಪಸ್ ತೊಟ್ಟಿಗೆ ಕಳಿಸುತ್ತದೆ. ಪಕ್ಕದಲ್ಲೇ ಒಂದು ದುಂಡನೆಯ ಚಾರ್ಟ್ ಹಾಳೆಯ ಮೇಲೆ ಪೆನ್ನು ಶಾಖದ ಗೆರೆ ಎಳೆಯುತ್ತಲೇ ಇರುತ್ತದೆ. ನಾನು ಬೆಳಿಗ್ಗೆ ಡ್ಯೂಟಿಗೆ ಹೋದರೆ ಮೊದಲು ನೋಡುತ್ತಿದ್ದದ್ದು ಆ ಹಾಳೆಯನ್ನೇ. ರಾತ್ರಿ ಎರಡೂವರೆಗೆ ಗೆರೆ ಸ್ವಲ್ಪ ತಗ್ಗಿದೆ ಅಂದರೆ, ಏಕೆ ತಗ್ಗಿತು, ವಾಲ್ವ್ ತಿರುಗಿತೇ, ಆ ಹೊತ್ತಿನ ಹಾಲು ಎಲ್ಲಿ ಹೋಯಿತು ಎಂದು ಶಿಫ್ಟಿನವರು ಬರೆದಿಟ್ಟಿರಬೇಕು. ಇದರ ಮೇಲೆ ಫಾಸ್ಫಟೇಸ್ ಟೆಸ್ಟ್ ಬೇರೆ. ಹಸಿ ಹಾಲಿನಲ್ಲಿರುವ ಈ ಕಿಣ್ವ ಕ್ಷಯದ ರೋಗಾಣು ಸಾಯುವುದಕ್ಕೆ ಬೇಕಾದದ್ದಕ್ಕಿಂತ ತುಸು ಹೆಚ್ಚು ಶಾಖಕ್ಕೆ ನಾಶವಾಗುತ್ತದೆ. ಹಾಲಿನಲ್ಲಿ ಅದು ಇನ್ನೂ ಉಳಿದಿದ್ದರೆ ಶಾಖ ಸಾಲದು, ಇಲ್ಲವೇ ಹಸಿ ಹಾಲು ಎಲ್ಲೋ ಸೇರಿಕೊಂಡಿದೆ ಎಂದು ಅರ್ಥ.

ಇಷ್ಟೆಲ್ಲ ಆಗಿ ಪಾಕೆಟ್ಟು 4–5 ಡಿಗ್ರಿಯಲ್ಲಿ ಕೋಲ್ಡ್ ರೂಮು ಸೇರುತ್ತದೆ. ಪಾಶ್ಚರೀಕರಣ ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಅಲ್ಲ. ಉಳಿದವು ತಣ್ಣಗಿರುವತನಕ ತೆಪ್ಪಗಿರುತ್ತವೆ.

ಈಗ ಬರುತ್ತದೆ ಪುಸ್ತಕವಿಲ್ಲದ ಭಾಗ. ನಡುರಾತ್ರಿ ದಾಟಿದ ಮೇಲೆ ವ್ಯಾನ್ ಹೊರಡುತ್ತದೆ. ಬೂತು ಇನ್ನೂ ತೆರೆದಿರುವುದಿಲ್ಲ, ಕ್ರೇಟುಗಳನ್ನು ಮುಂದಿನ ಕಟ್ಟೆಯ ಮೇಲೆ ಪೇರಿಸಿ ವ್ಯಾನಿನವನು ಮುಂದಕ್ಕೆ ಹೋಗುತ್ತಾನೆ. ಚಳಿಗಾಲದಲ್ಲಿ ನಡೆದುಹೋಗುತ್ತದೆ. ಏಪ್ರಿಲ್‌ನಲ್ಲಿ ಹೊರಗಿನ ಸಾಲಿನ ಪಾಕೆಟ್ಟುಗಳು ಬೆಳಗಾಗುವ ಹೊತ್ತಿಗೆ ಬಿಸಿಯೇರಿರುತ್ತವೆ, ನಡುವಿನವು ತಣ್ಣಗೇ ಇರುತ್ತವೆ. ಒಂದೇ ಕ್ರೇಟಿನ ಎರಡು ಪಾಕೆಟ್ಟಿನಲ್ಲಿ ಒಂದು ಒಡೆದು ಇನ್ನೊಂದು ಚೆನ್ನಾಗಿರುವುದು ಹೀಗೆ. ಕೆಲವು ಅಂಗಡಿಗಳಲ್ಲಿ ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸುವ ಅಭ್ಯಾಸವಿದೆ. ಕರೆಂಟ್ ಬಿಲ್ಲು ಅವರದು, ಹಾಲು ನಿಮ್ಮದು. ನಿನ್ನೆ ಉಳಿದ ಪಾಕೆಟ್ಟು ಇಂದಿನವುಗಳ ಮೇಲೆ ಬಂದು ಕೂರುವುದೂ ಉಂಟು.

ತಪ್ಪು ಯಾರದೆಂದು ನೀವೇ ಕಂಡುಹಿಡಿಯಬಹುದು. ಪಾಕೆಟ್ ಮೇಲಿನ ಬ್ಯಾಚ್ ಕೋಡ್ ನೋಡಿಕೊಂಡು ಅಕ್ಕಪಕ್ಕದವರನ್ನು ವಿಚಾರಿಸಿ. ಅದೇ ಬ್ಯಾಚು, ಬೇರೆ ಬೂತಿನಿಂದ ತಂದವರ ಮನೆಯಲ್ಲೂ ಒಡೆದಿದ್ದರೆ ಡೈರಿಯ ಕಡೆ ನೋಡಬೇಕು. ನಿಮ್ಮ ಬೂತಿನಿಂದ ತಂದವರಿಗೆ ಮಾತ್ರ ಒಡೆದಿದ್ದರೆ ಬೂತಿನವರು ಉತ್ತರ ಹೇಳಬೇಕು. ನಿಮ್ಮೊಬ್ಬರ ಮನೆಯಲ್ಲೇ ಆಗಿದ್ದರೆ, ಬೇಸರ ಮಾಡಿಕೊಳ್ಳಬೇಡಿ, ಮೊದಲು ಪಾತ್ರೆ ನೋಡಿ. ಡೈರಿಗೆ ಫೋನ್ ಮಾಡಿದಾಗ ‘ಹಾಲು ಸರಿ ಇಲ್ಲ’ ಎನ್ನುವ ಬದಲು ಬ್ಯಾಚ್ ಕೋಡ್ ಓದಿ ಹೇಳಿ, ‘ಈ ಬ್ಯಾಚಿನ ಇಟ್ಟ ಸ್ಯಾಂಪಲ್ ನೋಡಿ’ ಅನ್ನಿ. ಪ್ರತಿ ಬ್ಯಾಚಿನ ಪಾಕೆಟ್ಟನ್ನು ಅವಧಿ ಮುಗಿಯುವವರೆಗೆ ಲ್ಯಾಬಿನ ಫ್ರಿಜ್ಜಿನಲ್ಲಿ ಎತ್ತಿಡುವ ಪದ್ಧತಿ ಇದೆ. ಆ ಮಾತು ಕೇಳಿದ ಕೂಡಲೇ ಆ ಕಡೆಯವರ ದನಿ ಬದಲಾಗುತ್ತದೆ.

ಉದ್ದ ಪೊಟ್ಟಣದ ಹಾಲು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಅದಕ್ಕೆ ಕೆಮಿಕಲ್ ಹಾಕುತ್ತಾರಾ?
— ನಿವೃತ್ತ ಶಿಕ್ಷಕ, ಸಾಗರ

ಇಲ್ಲ ಮೇಷ್ಟ್ರೇ. ಅದನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡ್ ಕಾಯಿಸಿ, ಕ್ರಿಮಿಯಿಲ್ಲದ ಪೊಟ್ಟಣಕ್ಕೆ ಗಾಳಿ ಸೋಕದಂತೆ ತುಂಬಿರುತ್ತಾರೆ. ಒಳಗೆ ಹಾಳುಮಾಡುವವರೇ ಉಳಿದಿಲ್ಲದಿದ್ದರೆ ಔಷಧಿ ಯಾರಿಗೆ? ಪೊಟ್ಟಣ ಉಬ್ಬಿದ್ದರೆ ಮಾತ್ರ ತರಬೇಡಿ. ಕತ್ತರಿಸಿದ ಮೇಲೆ ಅದೂ ಮಾಮೂಲಿ ಹಾಲೇ, ಫ್ರಿಜ್ಜಿಗೆ ಇಡಿ.

ನಾವು ಸ್ವಸಹಾಯ ಸಂಘದ ಹೆಣ್ಮಕ್ಕಳು. ಶೇಂಗಾ ಚಟ್ನಿಪುಡಿ ಮಾಡಿ ಮಾರ್ತೀವ್ರಿ. ರಿಜಿಸ್ಟ್ರೇಶನ್ ಆಗೇತಿ. ಬೆಂಗಳೂರಿನ ಅಂಗಡಿಯವರು ಲ್ಯಾಬ್ ರಿಪೋರ್ಟ್ ಕೇಳಿದ್ರು, ರೊಕ್ಕಾ ಕೊಟ್ಟು ಮಾಡಿಸಿದ್ವಿ, ಪಾಸಾಗೇತಿ. ಇನ್ನ ಚಿಂತಿ ಇಲ್ಲಲ್ರಿ?
— ಗದಗ ಜಿಲ್ಲೆಯಿಂದ

ಅಕ್ಕಂದಿರೇ, ಮೊದಲು ಶಾಬ್ಬಾಸ್. ಆದರೆ ಆ ರಿಪೋರ್ಟು ನೀವು ಲ್ಯಾಬಿಗೆ ಕೊಟ್ಟ ಆ ಪೊಟ್ಟಣದ್ದು. ನಿನ್ನೆ ಕುಟ್ಟಿದ್ದರ ಬಗ್ಗೆ, ನಾಳೆ ಕುಟ್ಟುವುದರ ಬಗ್ಗೆ ಅದಕ್ಕೆ ಗೊತ್ತಿಲ್ಲ.

ಶೇಂಗಾದ ವಿಷಯದಲ್ಲಿ ಇದು ಇನ್ನೂ ಖರೆ. ಅದರ ಮೇಲೆ ಬೆಳೆಯುವ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುವ ವಿಷ. ಇದು ಜಗತ್ತಿಗೆ ಗೊತ್ತಾದದ್ದೇ ಶೇಂಗಾದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು, ಕಾರಣ ಹುಡುಕುತ್ತ ಹೋದರೆ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಬೆಳೆಯ ಕೊನೆಗಾಲದಲ್ಲಿ ಮಳೆ ಕೈಕೊಟ್ಟರೆ ಹೊಲದಲ್ಲೇ ಹತ್ತಿಕೊಳ್ಳುತ್ತದೆ, ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಗೋದಾಮಿನಲ್ಲಿ ಹಬ್ಬುತ್ತದೆ. ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದೂ ಇಲ್ಲ. ಸಾವಿರಾರು ಕಾಳು ಚೊಕ್ಕ ಇದ್ದು, ನಾಲ್ಕು ಕಾಳಿನಲ್ಲಿ ಎಲ್ಲ ವಿಷವೂ ಕೂತಿರಬಹುದು. ನೀವು ಕಳಿಸಿದ ಹಿಡಿಯಲ್ಲಿ ಆ ನಾಲ್ಕು ಬರದಿದ್ದರೆ ರಿಪೋರ್ಟು ಪಾಸು.

ಹಾಗಾದರೆ ಮಾಡಬೇಕಾದದ್ದೇನು? ಆರಿಸುವುದು. ಯಂತ್ರವಿದ್ದವರು ಬಣ್ಣ ನೋಡಿ ಆರಿಸುವ ಸಾರ್ಟೆಕ್ಸ್ ಇಟ್ಟಿರುತ್ತಾರೆ. ನಿಮ್ಮಲ್ಲಿ ಹತ್ತು ಜೊತೆ ಕಣ್ಣಿವೆ. ಮುದುಡಿದ, ಕಪ್ಪಾದ, ಬೂಷ್ಟು ಹಿಡಿದ, ಹುಳು ತಿಂದ ಕಾಳು ಹುರಿಯುವ ಮೊದಲೇ ಹೊರಗೆ. ಹುರಿದ ಮೇಲೆ ಸಿಪ್ಪೆ ತಿಕ್ಕಿದಾಗ ಬಣ್ಣಗೆಟ್ಟ ಕಾಳು ಇನ್ನೂ ಚೆನ್ನಾಗಿ ಕಾಣುತ್ತದೆ, ಆವಾಗ ಇನ್ನೊಮ್ಮೆ. ಆರಿಸಿ ತೆಗೆದದ್ದನ್ನು ಎಮ್ಮೆಗೆ ಹಾಕುವ ಹಾಗಿಲ್ಲ, ಎಣ್ಣೆ ಗಾಣಕ್ಕೂ ಕೊಡುವ ಹಾಗಿಲ್ಲ. ದನ ತಿಂದರೆ ಅದೇ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ತಿಪ್ಪೆಗೂ ಬೇಡ, ದನ ಬಾಯಿ ಹಾಕುತ್ತವೆ, ಸುಟ್ಟುಬಿಡಿ. ಕೊಳ್ಳುವಾಗ ಕಾಳಿನ ತೇವ ಶೇ. 7 ದಾಟದಂತೆ ನೋಡಿ. ಮಾಯಿಶ್ಚರ್ ಮೀಟರ್ ಇರುವ ವ್ಯಾಪಾರಿಯ ಹತ್ತಿರವೇ ಕೊಳ್ಳಿ. ಚೀಲವನ್ನು ನೆಲಕ್ಕೆ ತಾಗದಂತೆ, ಗೋಡೆಗೆ ಒರಗದಂತೆ ಹಲಗೆ ಮೇಲಿಡಿ.

ಬೆಳ್ಳುಳ್ಳಿ ನಿಮ್ಮ ಇನ್ನೊಂದು ತಲೆನೋವು. ಅರೆಬರೆ ಹುರಿದ ಬೆಳ್ಳುಳ್ಳಿಯ ಹಸಿ ಪುಡಿಯನ್ನೆಲ್ಲ ತೇವ ಮಾಡುತ್ತದೆ. ಬಿಸಿ ಇರುವಾಗಲೇ ಪೊಟ್ಟಣ ಕಟ್ಟಿದರೆ ಒಳಗೆ ಬೆವರುತ್ತದೆ. ಪೂರ್ತಿ ಆರಿದ ಮೇಲೆ ಸೀಲ್ ಮಾಡಿ. ಗಿರಣಿಯ ಬಾಯಿಗೊಂದು ಆಯಸ್ಕಾಂತ ಕಟ್ಟಿ, ದಿನಾ ಒರೆಸಿ ನೋಡಿ. ಅದಕ್ಕೆ ಹತ್ತಿದ ಕಬ್ಬಿಣದ ಪುಡಿ ನೋಡಿದರೆ ನಾನು ಇನ್ನೇನೂ ಹೇಳಬೇಕಾಗಿಲ್ಲ.

ಇನ್ನು ನೋಟ್‌ಬುಕ್. ಇದನ್ನು ಹೇಳಿದರೆ ಎಲ್ಲರೂ ಮುಖ ಸಪ್ಪೆ ಮಾಡುತ್ತಾರೆ. ಆದರೂ ಹೇಳುತ್ತೇನೆ. ಪ್ರತಿ ಸಲ ಕುಟ್ಟಿದ್ದಕ್ಕೆ ಒಂದು ಬ್ಯಾಚ್ ನಂಬರ್. ಅದರ ಮುಂದೆ ಶೇಂಗಾ ಯಾರ ಹತ್ತಿರ, ಯಾವತ್ತು ಕೊಂಡದ್ದು, ಮೆಣಸಿನಕಾಯಿ ಯಾರದು, ಹುರಿದವರು ಯಾರು, ಆರಿಸಿ ತೆಗೆದ ಕಾಳು ಎಷ್ಟು ಕಿಲೋ, ಪೊಟ್ಟಣ ಎಷ್ಟು ಆದವು, ಯಾವ ಅಂಗಡಿಗೆ ಎಷ್ಟು ಹೋದವು. ಇಷ್ಟೇ. ಆರಿಸಿದ ಕಾಳು ಪ್ರತಿ ಸಲ ಎರಡು ಕಿಲೋ ಬರುತ್ತಿದ್ದದ್ದು ಒಮ್ಮೆಲೇ ಐದು ಕಿಲೋ ಬಂದರೆ ವ್ಯಾಪಾರಿ ಹಳೇ ಮಾಲು ದಾಟಿಸಿದ್ದಾನೆ ಎಂದು ಆ ಪುಸ್ತಕವೇ ಹೇಳುತ್ತದೆ. ಮುಂದೊಂದು ದಿನ ದೂರು ಬಂದರೆ, ಪುಸ್ತಕವಿದ್ದವರು ಆ ಬ್ಯಾಚಿನ ನಲವತ್ತು ಪೊಟ್ಟಣ ವಾಪಸ್ ತರಿಸಿಕೊಳ್ಳುತ್ತಾರೆ. ಇಲ್ಲದವರು ಬೆಂಗಳೂರಿನಲ್ಲಿರುವ ಎಲ್ಲಾ ಮಾಲನ್ನೂ ವಾಪಸ್ ತರಿಸಬೇಕಾಗುತ್ತದೆ. ಆಹಾರ ವಾಪಸ್ ಪಡೆಯುವ ವಿಧಾನಕ್ಕೆ 2017ರಿಂದ ನಿಯಮವೇ ಇದೆ.

ಈ ಬುದ್ಧಿ ನನ್ನದೇನಲ್ಲ. 1960ರ ದಶಕದಲ್ಲಿ ಅಮೆರಿಕದವರು ಬಾಹ್ಯಾಕಾಶಕ್ಕೆ ಹೋಗುವವರಿಗೆ ಊಟ ತಯಾರಿಸಲು ಕೂತಾಗ, ಮೇಲೆ ಹೋದವನಿಗೆ ಭೇದಿ ಶುರುವಾದರೆ ಗತಿಯೇನು ಎಂಬ ಪ್ರಶ್ನೆ ಬಂತು. ಮಾಡಿದ್ದನ್ನೆಲ್ಲ ಟೆಸ್ಟ್ ಮಾಡಿ ಖಾತ್ರಿ ಮಾಡಿಕೊಳ್ಳಲು ಹೊರಟರೆ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ಆಗ ಪಿಲ್ಸ್‌ಬರಿ ಕಂಪನಿಯವರು ನಾಸಾ ಜೊತೆ ಸೇರಿ, ಎಲ್ಲೆಲ್ಲಿ ಕೆಡಬಹುದೋ ಆ ಹಂತಗಳನ್ನೇ ಹಿಡಿದು ಕಾಯುವ ಪದ್ಧತಿ ಮಾಡಿದರು. ಇವತ್ತು ದೊಡ್ಡ ಕಾರ್ಖಾನೆಗಳ ಗೋಡೆಯ ಮೇಲೆ ‘ಎಚ್‌ಎಸಿಸಿಪಿ’ ಎಂದು ಫ್ರೇಮ್ ಹಾಕಿಸಿರುವುದು ಅದನ್ನೇ. ಫ್ರೇಮು ಹಾಕಿಸಿ ಪುಸ್ತಕ ಬರೆಯದ ಕಾರ್ಖಾನೆಗಳನ್ನೂ ನೋಡಿದ್ದೇನೆ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಮೂವತ್ತೂ ದಿನದ ಟೆಂಪರೇಚರ್ ತುಂಬಿರುತ್ತಾರೆ. ಭಾನುವಾರ ಕಾರ್ಖಾನೆಗೆ ರಜೆ ಅನ್ನುವುದೂ ಅವರಿಗೆ ನೆನಪಿರುವುದಿಲ್ಲ!

ಅಂದಹಾಗೆ, ಪೊಟ್ಟಣದ ಮೇಲೆ ‘ಶೇಂಗಾ ಇದೆ’ ಎಂದು ಪ್ರತ್ಯೇಕವಾಗಿ ಬರೆಯಿರಿ. ಚಟ್ನಿಪುಡಿಯ ಹೆಸರಿನಲ್ಲೇ ಇದೆಯಲ್ಲ ಅಂತ ಬಿಡಬೇಡಿ. ಶೇಂಗಾ ಆಗದವರಿಗೆ ಅದು ಪ್ರಾಣದ ಪ್ರಶ್ನೆ, ಕಾನೂನೂ ಕೇಳುತ್ತದೆ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದ್ದರೆ ಆ ತಿಂಡಿ ಸರ್ಕಾರ ಪರೀಕ್ಷೆ ಮಾಡಿದ್ದು ಅಂತ ತಾನೇ?
— ಕಿರಾಣಿ ಅಂಗಡಿ, ಚಿಂತಾಮಣಿ

ಅಲ್ಲ ಸ್ವಾಮಿ. ಅದು ಮಾಡಿದವರ ವಿಳಾಸ ಸರ್ಕಾರಕ್ಕೆ ಗೊತ್ತಿದೆ ಎಂಬುದಕ್ಕೆ ಗುರುತು. ಬೈಕಿಗೆ ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಓಡಿಸುವವನು ಕುಡಿದಿಲ್ಲ ಅನ್ನಲಾಗುತ್ತದೆಯೇ? ಆದರೂ 14 ಅಂಕಿಯ ಆ ನಂಬರ್ ಓದಲು ಬಂದರೆ ಲಾಭವಿದೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸು, 2 ಇದ್ದರೆ ಸಣ್ಣವರ ರಿಜಿಸ್ಟ್ರೇಶನ್. ಮುಂದಿನ ಎರಡು ರಾಜ್ಯದ ಸಂಖ್ಯೆ, ಕರ್ನಾಟಕದ್ದು 12. ಕೇಂದ್ರದ ಲೈಸೆನ್ಸಾದರೆ ಅಲ್ಲಿ 00 ಇರುತ್ತದೆ. ಆಮೇಲಿನ ಎರಡು ಕೊಟ್ಟ ವರ್ಷ. ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಹೊಸ ಸಪ್ಲೈದಾರ ಬಂದಾಗ ಅವನೆದುರಿಗೇ ಮೊಬೈಲಿನಲ್ಲಿ ಹಾಕಿ ನೋಡಿ. ಅಂಗಡಿಗೆ ಬರುವ ಬಿಲ್ಲಿನ ಮೇಲೂ ಈ ನಂಬರ್ ಇರಬೇಕೆಂದು 2022ರಿಂದ ಕಡ್ಡಾಯ ಮಾಡಿದ್ದಾರೆ. ಬಿಲ್ಲಿಲ್ಲದೆ ಮಾಲು ಇಳಿಸಿಕೊಂಡು ಆಮೇಲೆ ಅದು ಕೆಟ್ಟದ್ದೆಂದಾದರೆ, ಕಾನೂನಿನ ಮುಂದೆ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಗೋಬಿ ಮಂಚೂರಿ ಗಾಡಿ ಇಟ್ಟಿದ್ದೇನೆ. ಕಲರ್ ಬ್ಯಾನ್ ಆದಮೇಲೆ ಗಿರಾಕಿ ‘ಬಣ್ಣವೇ ಇಲ್ಲ’ ಅಂತ ಪಕ್ಕದ ಗಾಡಿಗೆ ಹೋಗುತ್ತಾನೆ. ನಾನೇನು ಮಾಡಲಿ?
— ಹಾವೇರಿ

ತಮ್ಮಾ, ಹಾವೇರಿಯಲ್ಲಿ ಕೂತುಕೊಂಡು ಬಣ್ಣ ಇಲ್ಲ ಎನ್ನುತ್ತೀಯಲ್ಲ! ಬ್ಯಾಡಗಿ ನಿನ್ನ ಹಿತ್ತಲಲ್ಲೇ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು ಅಂತಲೇ ಆ ಮೆಣಸಿನಕಾಯಿಗೆ ಹೆಸರು. ಅದರಿಂದ ತೆಗೆದ ಬಣ್ಣದ ರಸ ಹೊರದೇಶಗಳಿಗೂ ಹೋಗುತ್ತದೆ. ಬೀಜ ತೆಗೆದು ಬಿಸಿ ನೀರಿನಲ್ಲಿ ನೆನೆಹಾಕಿ ನುಣ್ಣಗೆ ಅರೆದು ಎಣ್ಣೆಯಲ್ಲಿ ಬಾಡಿಸು. ಬಣ್ಣ ಎಣ್ಣೆಗೆ ಇಳಿಯುತ್ತದೆ. ಗಾಡಿಯ ಮೇಲೆ ದೊಡ್ಡದಾಗಿ ಬರೆಸು, ‘ಬ್ಯಾಡಗಿ ಗೋಬಿ’ ಅಂತ.

2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ಆದೇಶ ಮಾಡಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣ ಸಿಕ್ಕಿತ್ತು. ಆಗ ಹೆಸರು ಕೇಳಿಬಂದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಅದಕ್ಕೆ ತಿನ್ನುವ ಪದಾರ್ಥದಲ್ಲಿ ಯಾವತ್ತೂ ಅನುಮತಿ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ನಿನಗೆ ಬಣ್ಣದ ಡಬ್ಬಿ ಮಾರಿದವನು ಲೇಬಲ್ಲಿಲ್ಲದ ಪೊಟ್ಟಣ ಕೊಟ್ಟಿದ್ದರೆ ಅದರಲ್ಲೇನಿದೆ ಅಂತ ಅವನಿಗೂ ಗೊತ್ತಿರುವುದಿಲ್ಲ. ಪಕ್ಕದ ಗಾಡಿಯವನ ಚಿಂತೆ ಬಿಡು, ಅಧಿಕಾರಿ ಬಂದಾಗ ಇಬ್ಬರ ಗಾಡಿಗೂ ಬರುತ್ತಾರೆ.

ಬಣ್ಣ ಬಿಟ್ಟಮೇಲೂ ಕರಿಯುವ ಎಣ್ಣೆ ಉಳಿಯಿತು. ಎಷ್ಟು ಸಲ ಕಾಯಿಸಬಹುದು ಎಂದು ಸಲದ ಲೆಕ್ಕ ಕೇಳಬೇಡ. ಕಾನೂನಿನ ಅಳತೆ ಎಣ್ಣೆಯಲ್ಲಿ ಕೆಟ್ಟು ಸೇರುವ ಪೋಲಾರ್ ಅಂಶದ್ದು, ಶೇ. 25 ದಾಟಿದರೆ ಚೆಲ್ಲಬೇಕು. ಮೀಟರ್ ಇಲ್ಲದಿದ್ದರೆ ನೊರೆ ನೋಡು, ಹೊಗೆ ನೋಡು. ಎಣ್ಣೆ ಗಟ್ಟಿಯಾಗಿ ಕರ್ರಗಾಗಿ, ಬೇಗ ಹೊಗೆ ಬಿಡಲು ಶುರುಮಾಡಿದರೆ ಅದರ ಕೆಲಸ ಮುಗಿದಿದೆ. ಹಳೇ ಎಣ್ಣೆಗೆ ಹೊಸದು ಸುರಿದು ತಿಳಿ ಮಾಡಬೇಡ.

ಸ್ವೀಟ್ ಅಂಗಡಿಯಿಂದ ತಂದ ಮಿಠಾಯಿಯಲ್ಲಿ ಹುಳು ಸಿಕ್ಕಿತು. ಡಬ್ಬಿ ಸಮೇತ ಆಹಾರ ಸುರಕ್ಷತಾ ಕಚೇರಿಗೆ ಹೋದೆ. ‘ನೀವು ತಂದದ್ದು ನಮಗೆ ಸ್ಯಾಂಪಲ್ ಆಗಲ್ಲ’ ಅಂದರು. ಇದೆಂಥ ನ್ಯಾಯ? ಅಂಗಡಿಯವರ ಜೊತೆ ಶಾಮೀಲೇ?
— ಬ್ಯಾಂಕ್ ಉದ್ಯೋಗಿ, ಮೈಸೂರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ಅವರು ಹೇಳಿದ್ದು ಸರಿ. ಹೇಳಿದ ರೀತಿ ಸರಿಯಿತ್ತೋ ಇಲ್ಲವೋ, ಅದು ಬೇರೆ ಮಾತು.

ಆಹಾರ ಸುರಕ್ಷತಾ ಅಧಿಕಾರಿ ತಾವೇ ಅಂಗಡಿಗೆ ಹೋಗಿ, ಅಂಗಡಿಯವರಿಗೆ ನೋಟಿಸ್ ಕೊಟ್ಟು, ಸಾಕ್ಷಿಯ ಎದುರು, ದುಡ್ಡು ಕೊಟ್ಟು ಕೊಂಡದ್ದು ಮಾತ್ರ ಕಾನೂನಿನ ಸ್ಯಾಂಪಲ್. ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಯ (ಆ ಅಧಿಕಾರಿಗಿಂತ ಮೇಲಿನವರ) ಹತ್ತಿರ ಉಳಿಯುತ್ತವೆ. ನಾಲ್ಕನೆಯದನ್ನು ಅಂಗಡಿಯವರು ಕೇಳಿದರೆ ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸುತ್ತಾರೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಒಪ್ಪದವರು 30 ದಿನದಲ್ಲಿ ಮೇಲ್ಮನವಿ ಹಾಕಬಹುದು. ಆಗ ಸ್ಯಾಂಪಲ್ ಕೊನೆಯ ಮಾತು ಹೇಳುವ ರೆಫರಲ್ ಲ್ಯಾಬಿಗೆ ಹೋಗುತ್ತದೆ. ಅಂಥ ಲ್ಯಾಬುಗಳಲ್ಲಿ ಒಂದು ನಿಮ್ಮ ಊರಲ್ಲೇ ಇದೆ, 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ನೀವು ಮನೆಗೆ ಒಯ್ದು ತೆರೆದ ಡಬ್ಬಿಗೆ ಈ ಸರಪಳಿ ಯಾವುದೂ ಇಲ್ಲ. ಹುಳು ಅಂಗಡಿಯದೋ ನಿಮ್ಮ ಅಡುಗೆಮನೆಯದೋ ಎಂದು ಅವರ ವಕೀಲರು ಕೇಳಿದರೆ ಅಧಿಕಾರಿ ಬಾಯಿ ಕಟ್ಟುತ್ತದೆ.

ಅಂದಮಾತ್ರಕ್ಕೆ ನಿಮ್ಮ ದೂರು ವ್ಯರ್ಥವಲ್ಲ. ಬಿಲ್ಲು, ಫೋಟೋ, ಡಬ್ಬಿಯ ಮೇಲಿನ ತಾರೀಖು ಸೇರಿಸಿ ಲಿಖಿತವಾಗಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲೂ ಹಾಕಬಹುದು. ಅದರ ಆಧಾರದ ಮೇಲೆ ಅಧಿಕಾರಿ ಅಂಗಡಿಗೆ ಹೋಗಿ ತಪಾಸಣೆ ಮಾಡಬಹುದು, ಸ್ಯಾಂಪಲ್ ಎತ್ತಬಹುದು. ನಿಮಗೆ ಪರಿಹಾರ ಬೇಕಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಗ್ರಾಹಕ ಆಯೋಗ. ಅಲ್ಲಿ ನಿಮ್ಮ ಡಬ್ಬಿಯ ಮಾತು ನಡೆಯುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ದಾರಿ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಲ್ಲಿದೆ. ಯಾರು ಬೇಕಾದರೂ ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದೇ ಷರತ್ತು, ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ಹೇಳಿರಬೇಕು. ಪದಾರ್ಥ ಕಾನೂನಿನ ಪ್ರಕಾರ ಇಲ್ಲವೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್. ನನ್ನ ಪರಿಚಯದ ಒಬ್ಬರು ತುಪ್ಪ ಕೊಳ್ಳುವಾಗ ಹೀಗೆ ಹೇಳಿದರು. ಅಂಗಡಿಯವನು ಕೈಯಲ್ಲಿದ್ದ ಡಬ್ಬಿಯನ್ನು ಒಳಗಿಟ್ಟು ಬೇರೆ ತಂದುಕೊಟ್ಟನಂತೆ. ಲ್ಯಾಬಿಗೆ ಹೋಗುವ ಕಷ್ಟವೇ ತಪ್ಪಿತು.

ಪ್ಲಾಸ್ಟಿಕ್ ಹಾಳೆಯ ಇಡ್ಲಿ ನಿಂತಿದೆಯೇ?
— ಬೆಂಗಳೂರು

ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದಕ್ಕೆ 2025ರ ಫೆಬ್ರವರಿಯಲ್ಲಿ ನಿಷೇಧವಂತೂ ಆಯಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇಡ್ಲಿಯ ತಳ ತಿರುಗಿಸಿ ನೋಡಿ, ಬಟ್ಟೆಯ ನೇಯ್ಗೆಯ ಗುರುತಿದ್ದರೆ ನೆಮ್ಮದಿಯಿಂದ ತಿನ್ನಿ. ಗಾಜಿನಷ್ಟು ನುಣ್ಣಗಿದ್ದರೆ ಒಳಗೆ ಹೋಗಿ ತಟ್ಟೆ ತೋರಿಸಲು ಹೇಳಿ.

ಕೇಟರಿಂಗ್ ಶುರುಮಾಡಿದ್ದೇವೆ. ಮಧ್ಯಾಹ್ನ ಎರಡು ಗಂಟೆಯ ಊಟಕ್ಕೆ ವೆಜ್ ಪಲಾವ್ ಬೆಳಿಗ್ಗೆ ಎಂಟಕ್ಕೇ ಮಾಡಿ ಪಾಕೆಟ್ ಮಾಡುತ್ತೇವೆ. ಒಂದು ಕಡೆ ಕೆಲವರಿಗೆ ವಾಂತಿ ಆಯಿತು. ಪದಾರ್ಥವೆಲ್ಲ ತಾಜಾ, ನೀರು ಕ್ಯಾನಿನದ್ದು. ಎಲ್ಲಿ ಎಡವಿದೆವು?
— ಇಬ್ಬರು ಗೆಳೆಯರು, ಶಿವಮೊಗ್ಗ

ತರಕಾರಿಯಲ್ಲೂ ಅಲ್ಲ, ನೀರಿನಲ್ಲೂ ಅಲ್ಲ, ಎಂಟು ಗಂಟೆಗೂ ಎರಡು ಗಂಟೆಗೂ ನಡುವೆ. ತಿಂದು ಎಷ್ಟು ಹೊತ್ತಿಗೆ ವಾಂತಿ ಆಯಿತು ಎಂದು ನೀವು ಬರೆದಿಲ್ಲ. ಒಂದರಿಂದ ಐದಾರು ಗಂಟೆಯೊಳಗಾದರೆ ನನ್ನ ಮೊದಲ ಅನುಮಾನ ಬ್ಯಾಸಿಲಸ್ ಸೀರಿಯಸ್ ಮೇಲೆ. ಅಕ್ಕಿಯ ಜೊತೆ ಬರುವ ಈ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗಿದ್ದಷ್ಟು ಹೊತ್ತು ಮೊಳೆತು ಹೆಚ್ಚುತ್ತವೆ, ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ‘ಬಡಿಸುವ ಮುಂಚೆ ಬಿಸಿ ಮಾಡಿದ್ವಲ್ಲ’ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

60 ಡಿಗ್ರಿಗಿಂತ ಮೇಲೆ ಇಡಿ, ಇಲ್ಲವೇ 5 ಡಿಗ್ರಿಗಿಂತ ಕೆಳಗೆ. ನಡುವೆ ನಿಲ್ಲಿಸಬೇಡಿ. ಕೇಟರಿಂಗಿನಲ್ಲಿ ತಣ್ಣಗೆ ಮಾಡುವುದು ಕಷ್ಟದ ದಾರಿ. ದೊಡ್ಡ ಕೊಪ್ಪರಿಗೆಯ ನಡುಭಾಗ ಗಂಟೆಗಟ್ಟಲೆ ಆರುವುದೇ ಇಲ್ಲ. ಆದ್ದರಿಂದ ಅಡುಗೆಯ ಹೊತ್ತನ್ನೇ ಮುಂದಕ್ಕೆ ಹಾಕಿ. ಬೆಳಿಗ್ಗೆ ಮಸಾಲೆ, ತರಕಾರಿ ಸಿದ್ಧ ಮಾಡಿಟ್ಟುಕೊಂಡು ಹನ್ನೆರಡೂವರೆಗೆ ಅಕ್ಕಿ ಹಾಕಿ. ಮುಚ್ಚಳ ಬಿಗಿಯಾಗುವ ಹಾಟ್‌ಬಾಕ್ಸಿನಲ್ಲಿ ಒಯ್ದು ಅಲ್ಲೇ ಬಡಿಸಿ. ಬಿಸಿ ಪಲಾವ್ ಪಾಕೆಟ್ ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ತುಂಬುವುದು ಎಲ್ಲಕ್ಕಿಂತ ಅಪಾಯದ್ದು. ಬೆಚ್ಚಗಿಡಲು ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಬ್ಯಾಕ್ಟೀರಿಯಾವೇ ಕೇಳಿದರೂ ಸಿಗಲಿಕ್ಕಿಲ್ಲ. ಪಾಕೆಟ್ಟೇ ಬೇಕೆಂದು ಗಿರಾಕಿ ಹಠ ಮಾಡಿದರೆ ಪುಳಿಯೋಗರೆ ಒಪ್ಪಿಸಿ. ಅದರ ಹುಳಿ ತಕ್ಕಮಟ್ಟಿಗೆ ತಡೆಯುತ್ತದೆ, ಪಲಾವಿಗೆ ಆ ಕಾವಲಿಲ್ಲ.

ಕಡ್ಡಿಯಂಥ ಪ್ರೋಬ್ ಥರ್ಮಾಮೀಟರ್ ಕೊಳ್ಳಿ, ಬಾಣಲೆಗಿಂತ ಅಗ್ಗ. ಅನ್ನದ ನಡುವೆ ಚುಚ್ಚಿ, ಹೊರಡುವಾಗ ಒಮ್ಮೆ, ತಲುಪಿದಾಗ ಒಮ್ಮೆ, ಬಡಿಸುವಾಗ ಒಮ್ಮೆ ಬರೆದುಕೊಳ್ಳಿ. ಪ್ರತಿ ಅಡುಗೆಯ ಒಂದು ಹಿಡಿಯನ್ನು ಶುದ್ಧ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಎತ್ತಿಡಿ. ದೂರು ಬಂದರೆ ಕೈಯಲ್ಲೊಂದು ಸ್ಯಾಂಪಲ್ ಇರುತ್ತದೆ. ವಾಂತಿಯಾದವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದಿರಾ? ಬರೆದಿಲ್ಲ. ಹೋಗಿರದಿದ್ದರೆ ಈಗಲಾದರೂ ಹೋಗಿ. ಯಾರು ಏನು ತಿಂದರು, ಎಷ್ಟು ಹೊತ್ತಿಗೆ ಹೊಟ್ಟೆ ಕೆಟ್ಟಿತು ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ದೇವರ ದೀಪದ ಎಣ್ಣೆ ಬಾಟಲಿ ಮೇಲೆ ಚೌಕದೊಳಗೆ ಕಪ್ಪು ಕತ್ತರಿ ಗುರುತು (X) ಇದೆ. ಏನದು?
— ಓದುಗರು, ಶೃಂಗೇರಿ

ತಿನ್ನುವುದಕ್ಕಲ್ಲ ಎಂಬ ಗುರುತು. ದೀಪದ ಎಣ್ಣೆ, ಪೂಜೆಯ ತುಪ್ಪಕ್ಕೆ ಹಾಕಿರುತ್ತಾರೆ. ಒಗ್ಗರಣೆ ಎಣ್ಣೆಯ ಪಕ್ಕದಲ್ಲಿ ಇಡಬೇಡಿ, ದೇವರ ಮನೆಯಲ್ಲೇ ಇರಲಿ.